ಗೋಣಿಮರದ ಕೋಟಿನ ಬಲ ತೋಳು

ನಮ್ಮ ಮನೆಯ ಕೆಳಗಿನ ಅಂಗಡಿಯ ಷಟರ್ ಮೇಲೇಳುವ ಸದ್ದಿಗೆ ನನ್ನ ಮಗಳು ಇಂಚರ ಕಣ್ಣು ಬಿಡುತ್ತಾಳೆ. ಆ ಷಟರ್ ಪೂರ್ತಿ ಏಳುವುದಿಲ್ಲ, ಅರ್ಧಕ್ಕೆ ಬಂದು ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಜೈನಾಬಕ್ಕ ಬಗ್ಗಿ ಒಳಗೆ ಹೋಗುತ್ತಾರೆ, ಬಟ್ಟೆ ಕೊಡಲು ಬರುವ ಹೆಂಗಸರೂ ಬಗ್ಗಿಯೇ ಹೋಗುತ್ತಾರೆ. ರಿಪೇರಿ ಮಾಡಿಸಿ ಅಕ್ಕ ಎಂದರೆ, "ಇರ್ಲಿ ಬಿಡಮ್ಮಾ, ಬಗ್ಗಿಕೊಂಡು ಬಂದೋರು ಜಗಳ ಆಡಲ್ಲ" ಅನ್ನುತ್ತಾರೆ.

ಒಳಗೆ ಹೋದವರು ಮಿಷನ್ನಿನ ಮುಂದೆ ಕೂರುವ ಮೊದಲು ನೀಲಿ ಬಕೆಟ್ಟಿಗೆ ನೀರು ಬಿಡುತ್ತಾರೆ. ಹಿಂದಿನ ದಿನ ಬಂದ ಬ್ಲೌಸ್ ಲೈನಿಂಗು, ಸೀರೆ ಫಾಲ್ಸು ಎಲ್ಲ ಅದರೊಳಕ್ಕೆ. ನೆನೆಸದೆ ಹೊಲಿದ ಲೈನಿಂಗು ಮೊದಲ ಒಗೆತಕ್ಕೇ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ, ಬ್ಲೌಸ್ ಸುಕ್ಕಾಗಿ ಹಾಕಿಕೊಂಡವಳ ಕಂಕುಳು ಹಿಡಿಯುತ್ತದೆ. ಆಮೇಲೆ ಆಕೆ ಬೈಯುವುದು ಬಟ್ಟೆ ಮಾರಿದವನನ್ನಲ್ಲ, ಹೊಲಿದವಳನ್ನು. ಅದಕ್ಕೇ ಈ ಬೆಳಗಿನ ಸ್ನಾನ. ನೆಂದದ್ದನ್ನು ಹಿಂಡಿ ನಮ್ಮ ಮೆಟ್ಟಿಲಿನ ಕಂಬಿಗೆ ಹರವುತ್ತಾರೆ. ಇಂಚರಳನ್ನು ಎತ್ತಿಕೊಂಡು ನಾನು ಇಳಿಯುವಾಗ ಗಿಳಿಹಸಿರು, ಅರಿಶಿನ, ಈರುಳ್ಳಿ ಬಣ್ಣದ ಒದ್ದೆ ಪಟ್ಟಿಗಳು ಭುಜಕ್ಕೆ ತಣ್ಣಗೆ ತಾಗುತ್ತವೆ.

ಅಳ್ಳಾಲಸಂದ್ರಕ್ಕೆ ನಾವು ಬಂದಾಗ ನನಗೆ ಏಳು ತಿಂಗಳಾಗಿತ್ತು. ಆಗ ನನ್ನ ಕುರ್ತಾಗಳ ಪಕ್ಕ ಬಿಚ್ಚಿ ಅಗಲ ಮಾಡಿಕೊಟ್ಟವರು ಇವರೇ. ಹೆರಿಗೆಯಾದ ಮೇಲೆ ಅವೇ ಕುರ್ತಾಗಳನ್ನು ಕೇಳದೆಯೇ ಎತ್ತಿಕೊಂಡು ಹೋಗಿ, ಮುಂದೆ ಜಿಪ್ ಇಟ್ಟು, "ಹಾಲು ಕುಡಿಸೋಕೆ ಈಜಿ" ಅಂತ ವಾಪಸು ತಂದರು. ಮಗಳ ಲಸಿಕೆ, ಜ್ವರ, ಹಲ್ಲು ಬರೆದಿಡುವ ನನ್ನ ಡೈರಿಯಲ್ಲಿ ಜೈನಾಬಕ್ಕ ದಿನಾ ಹೇಗೋ ನುಸುಳುತ್ತಾರೆ. ಈ ಕೋಟಿನ ವಿಷಯವನ್ನು ಮಾತ್ರ ಅಲ್ಲೊಂದು ಇಲ್ಲೊಂದು ಸಾಲಾಗಿ ಬಿಡಲು ಮನಸ್ಸಾಗಲಿಲ್ಲ.

ಅವರ ಮನೆ ಇರುವುದು ಆರ್.ಟಿ. ನಗರದಲ್ಲಿ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಮದುವೆಗೆ ಮುಂಚಿನಿಂದ ಯಶವಂತಪುರದ ಒಂದು ಗಾರ್ಮೆಂಟ್ಸಿನಲ್ಲಿದ್ದರು. ಹೊರದೇಶಕ್ಕೆ ಕೋಟು ಕಳಿಸುವ ಫ್ಯಾಕ್ಟರಿ. ಅಲ್ಲಿ ಒಬ್ಬರು ಒಂದು ಕೋಟು ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಜೇಬು, ಒಬ್ಬರು ಗುಂಡಿ. ಜೈನಾಬಕ್ಕನ ಪಾಲಿಗೆ ಬಂದದ್ದು ಎಡ ತೋಳು. ವರ್ಷಗಟ್ಟಲೆ ಎಡ ತೋಳೊಂದನ್ನೇ ಕೂರಿಸಿದರು. ಬಲ ತೋಳು ಎದುರಿನ ಮಿಷನ್ನಿನ ರಾಮಲಕ್ಷ್ಮಮ್ಮನದು. ಇಬ್ಬರೂ ಸೇರಿ ಕೋಟಿಗೆ ಎರಡು ಕೈ ಕೊಟ್ಟು ಮುಂದಕ್ಕೆ ತಳ್ಳುತ್ತಿದ್ದರು. ಆಮೇಲೆ ಫ್ಯಾಕ್ಟರಿ ದೂರಕ್ಕೆ ಹೋಯಿತು, ರಾಮಲಕ್ಷ್ಮಮ್ಮ ಟಿ. ದಾಸರಹಳ್ಳಿಯಲ್ಲಿ ಉಳಿದರು, ಜೈನಾಬಕ್ಕ ಇಲ್ಲಿ ಅಂಗಡಿ ಹಾಕಿದರು. ಬ್ಲೌಸು, ಫಾಲ್ಸು, ಪಿಕೋ, ಆಲ್ಟರೇಷನ್.

"ಎಷ್ಟೋ ಸಾವಿರ ಕೋಟು ನನ್ನ ಕೈ ಮೇಲೆ ಹೋಗಿವೆ ಅಮ್ಮಾ," ಅಂದಿದ್ದರು ಒಮ್ಮೆ, ಇಂಚರಳ ಕಾಲಿಗೆ ಅಳತೆ ಟೇಪು ಸುತ್ತುತ್ತಾ. "ಒಂದೂ ನಂದಲ್ಲ. ಮೊದಲಿಂದ ಕೊನೆ ತನಕ ಒಂದು ಕೋಟು ನಾನೇ ಹೊಲೀಬೇಕು. ಒಂದೇ ಒಂದು. ಆಮೇಲೆ ಕಣ್ಣಿಗೆ ಏನಾದ್ರೂ ಆಗ್ಲಿ."

ಕಣ್ಣಿಗೆ ಆಗಲೇ ಆಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಿದ್ದರು. ಆದರೆ ಈ ಬೀದಿಯಲ್ಲಿ ಕೋಟು ಹೊಲಿಸುವವರು ಯಾರು? ಎಲ್ಲರಿಗೂ ಬೇಕಾದದ್ದು ನಾಳೆ ಬೆಳಗಿನ ಗೃಹಪ್ರವೇಶಕ್ಕೆ ಬ್ಲೌಸು.

ಕೋಟು ಬಂದದ್ದು ಮರದಿಂದ.

ನಮ್ಮ ಓನರ್ ಚಿಕ್ಕಬೈರಪ್ಪನವರ ಕಾಂಪೌಂಡಿನ ಪಕ್ಕ, ಕೆರೆಗೆ ಹೋಗುವ ದಾರಿಯಲ್ಲಿ, ದೊಡ್ಡದೊಂದು ಗೋಣಿಮರವಿದೆ. ಮುಂಗಾರಿಗೆ ಮುಂಚಿನ ಗಾಳಿಗೆ ಅದರ ಒಂದು ಕೊಂಬೆ ಮುರಿದು ಬಿತ್ತು. ಕಾರ್ಪೊರೇಷನ್ನಿನವರು ತುಂಡು ಮಾಡಿ ಲಾರಿಗೆ ಹೇರುವ ಹೊತ್ತಿಗೆ ಚಿಕ್ಕಬೈರಪ್ಪನವರ ಮೊಮ್ಮಗಳು ದಿವ್ಯ ಓಡಿ ಬಂದು ಅಡ್ಡ ನಿಂತಳು. ದಿವ್ಯ ಸೋಲದೇವನಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಕೊನೆಯ ವರ್ಷ ಓದುತ್ತಿದ್ದಳು. ಗೋಣಿಯಂತೆ ಆಲದ ಬಳಗಕ್ಕೆ ಸೇರಿದ ಮರಗಳ ಒಳತೊಗಟೆಯನ್ನು ಬೇಯಿಸಿ, ಬಡಿದು ಬಡಿದು ಅಗಲ ಮಾಡಿ ಆಫ್ರಿಕಾದ ಉಗಾಂಡದಲ್ಲಿ ಬಟ್ಟೆ ಮಾಡುತ್ತಾರಂತೆ. ಆ ಬಟ್ಟೆಯಲ್ಲಿ ಈಗಿನವರು ಹಾಕಿಕೊಳ್ಳುವಂಥ ಉಡುಪು ಮಾಡುವುದು ಅವಳ ಕೊನೆಯ ಪ್ರಾಜೆಕ್ಟು.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ, ತಾತನ ಕಾಲದ ಮರದ ಕೊಡತಿಯಿಂದ ಅವಳು ವಾರಗಟ್ಟಲೆ ಬಡಿದಳು. ಚಿಕ್ಕಬೈರಪ್ಪನವರು ಕುರ್ಚಿ ಹಾಕಿಕೊಂಡು ನೋಡುತ್ತಾ, "ನಾರುಮಡಿ ಉಟ್ಕೊಂಡು ಯಾವ ಕಾಡಿಗೋಗ್ತೀಯಮ್ಮಿ? ಇಲ್ಲೆಲ್ಲ ಅಪಾರ್ಟ್‌ಮೆಂಟ್ ಆಗೋಯ್ತಲ್ಲ!" ಎನ್ನುತ್ತಿದ್ದರು. ಹರಿದವು ಹರಿದವು, ತೂತಾದವು ತೂತಾದವು. ಕೊನೆಗೆ ಒಂದು, ಒಂದೇ ಒಂದು ತುಂಡು ಪೂರ್ತಿಯಾಗಿ ಬಂತು. ಹುರಿದ ರಾಗಿಯ ಬಣ್ಣ. ಮುಟ್ಟಿದರೆ ಚರ್ಮವೋ ಕಾಗದವೋ ಹೇಳಲಾಗದು. ಮೂಗಿಗೆ ಹಿಡಿದರೆ ಹೊಗೆ ಮತ್ತು ಹಸಿ ಮಣ್ಣಿನ ವಾಸನೆ.

ಅದನ್ನು ತೋರಿಸಲು ದಿವ್ಯ ಅಂಗಡಿಗೆ ತಂದಳು. ಅವಳ ಮೊದಲ ಸ್ಕೂಲ್ ಯೂನಿಫಾರ್ಮಿನಿಂದ ಹಿಡಿದು ಎಲ್ಲ ಹೊಲಿದ ಕೈ ಜೈನಾಬಕ್ಕನದು. ತೋರಿಸದೆ ಇರುತ್ತಾಳೆಯೇ?

ಜೈನಾಬಕ್ಕ ಬಟ್ಟೆಯನ್ನು ಬೆಳಕಿಗೆ ಹಿಡಿದರು. ಎರಡು ಕೈಯಲ್ಲಿ ಮೆಲ್ಲಗೆ ಎಳೆದರು. ತಿರುಗಿಸಿ ಮತ್ತೆ ಎಳೆದರು.

"ಏನಿದು ಬೇಟಾ, ಇದಕ್ಕೆ ಉದ್ದ ಎಲ್ಲಿ, ಅಡ್ಡ ಎಲ್ಲಿ?"

"ನೇಯ್ದಿದ್ದಲ್ಲ ಅಕ್ಕ. ಎಳೆನೇ ಇಲ್ಲ ಇದಕ್ಕೆ."

"ಹಾಗಾದ್ರೆ ಇದು ಯಾವ ಕಡೆಗೆ ಜೋತು ಬೀಳುತ್ತೆ?"

"ಅದೇ ನಂಗೂ ಗೊತ್ತಿಲ್ಲ. ಸೂಜಿ ಹಾಕಿದ ತೂತು ಮುಚ್ಚಲ್ಲ, ಅಷ್ಟು ಗೊತ್ತು. ಬಿಚ್ಚಿ ಹೊಲಿಯೋ ಹಾಗಿಲ್ಲ. ಕೋಟು ಮಾಡ್ಬೇಕು ಅಂತಿದ್ದೀನಿ. ನಮ್ಮ ಮೇಡಂ ಪೀಣ್ಯದಲ್ಲಿ ಯಾರೋ ಸ್ಯಾಂಪಲ್ ಮಾಸ್ಟರ್ ಹತ್ರ ಕೊಡು ಅಂದ್ರು."

ಕೋಟು ಎಂಬ ಮಾತು ಕೇಳಿದ್ದೇ ಜೈನಾಬಕ್ಕನ ಕೈ ನಿಂತಿತು. ಇಂಚರಳ ಬಾಯಿಗೆ ಬಿಸ್ಕತ್ತು ಇಡುತ್ತಿದ್ದ ನಾನೂ ತಲೆ ಎತ್ತಿದೆ.

"ಪೀಣ್ಯ ಗೀಣ್ಯ ನಕ್ಕೋ," ಎಂದರು. "ಇಲ್ಲಿ ಕೊಡು. ನಾನು ಹೊಲೀತೀನಿ. ಪೂರ್ತಿ."

ದಿವ್ಯ ಬಟ್ಟೆಯ ಅಂಚನ್ನು ಒಮ್ಮೆ ಸವರಿದಳು. ಆಮೇಲೆ, "ಲೈನಿಂಗಿಗೆ ಕಾಟನ್ ತಂದು ಕೊಡ್ತೀನಿ ಅಕ್ಕ," ಎಂದಳು. ಸಂಜೆಗೇ ಕಾಟನ್ ಬಂತು. ಜೈನಾಬಕ್ಕ ಎರಡನ್ನೂ ಒಂದೇ ಚೀಲದಲ್ಲಿ ಮಡಚಿಟ್ಟು, ಚೀಲಕ್ಕೆ ಗಂಟು ಹಾಕಿ ಅಂಗಡಿಯಲ್ಲೇ ಬಿಟ್ಟು, ಷಟರ್ ಎಳೆದು ಬಸ್ಸು ಹತ್ತಿದರು. ಹೊರಡುವಾಗ ಹೆಜ್ಜೆಯೇ ಬೇರೆ ಇತ್ತು.

ಮರುದಿನ ಬೆಳಿಗ್ಗೆ ನಾನು ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಕಂಬಿಯ ಮೇಲೆ ಹಸಿರು ಫಾಲ್ಸಿಗೂ ಕೆಂಪು ಫಾಲ್ಸಿಗೂ ನಡುವೆ ಕಂದು ಬಣ್ಣದ್ದೇನೋ ತೂಗುತ್ತಿತ್ತು. ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿ ಮುದುಡಿತ್ತು. ಅದರಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಜೈನಾಬಕ್ಕ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು, ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು.

"ನೆನೆಸಿಬಿಟ್ಟೆ ಅಮ್ಮಾ," ಎಂದರು.

ಅದೇ ಚೀಲದಲ್ಲಿ ಲೈನಿಂಗೂ ಇತ್ತು. ಲೈನಿಂಗು ಕಂಡರೆ ಆ ಕೈ ಬಕೆಟ್ಟಿಗೆ ಹೋಗುತ್ತದೆ, ಮಿಕ್ಕದ್ದನ್ನು ಕೇಳುವುದಿಲ್ಲ. ಅರ್ಧ ನಿದ್ದೆಯಲ್ಲಿ ನಾನು ಮಗುವಿನ ತೊಟ್ಟಿಲು ತೂಗಿದ ಹಾಗೆ.

"ನೀರಿಂದ ತೆಗೆದಾಗ ಮೆತ್ತಗೆ ಇತ್ತು. ಬಿಸಿಲಿಗೆ ಹಾಕಿದೆ ನೋಡು, ಮುಟ್ಟಿದ್ರೆ ಮುನಿ ಆಯ್ತು. ಕೈಯಲ್ಲಿ ಬುದ್ಧಿ ಇದೆ ಅಂತಿದ್ನಲ್ಲ, ಬುದ್ಧಿ ಎಲ್ಲ ಬಕೆಟ್ಟಲ್ಲಿ."

"ದಿವ್ಯಗೆ ಫೋನ್ ಮಾಡ್ಲಾ?"

"ಬೇಡ. ನಾನೇ ಮಾಡ್ತೀನಿ. ನನ್ನ ಬಾಯಲ್ಲೇ ಕೇಳ್ಬೇಕು ಆ ಹುಡುಗಿ."

ದಿವ್ಯ ಬಂದಳು. ಸ್ಕೂಟರ್ ಸ್ಟ್ಯಾಂಡ್ ಹಾಕುವಾಗಲೇ ಕಂಬಿ ನೋಡಿದಳು. ಬೈಯಲಿಲ್ಲ, ಅದು ಇನ್ನೂ ಕಷ್ಟ. ಕಣ್ಣು ತುಂಬಿಕೊಂಡು, ಬಟ್ಟೆಯನ್ನು ಕಂಬಿಯಿಂದ ಬಿಡಿಸಿ, ಅದೇ ಬಕೆಟ್ಟಿನ ನೀರಲ್ಲಿ ಮತ್ತೆ ಮುಳುಗಿಸಿದಳು.

"ಅಯ್ಯೋ ಅಲ್ಲಾ, ಮತ್ತೆ ಯಾಕೆ?"

"ಒದ್ದೆ ಇರೋವಾಗ ಬಡಿದ್ರೆ ಹಿಗ್ಗುತ್ತೆ ಅಕ್ಕ. ಬನ್ನಿ, ತಾತನ ಮನೇಗೆ ಹೋಗೋಣ."

ಹೀಗೆ ಜೈನಾಬಕ್ಕ ಅಂಗಡಿ ಮುಚ್ಚಿ, ಬುರ್ಖಾದ ತೋಳು ಮೇಲೇರಿಸಿ ಪಿನ್ ಹಾಕಿಕೊಂಡು, ಚಿಕ್ಕಬೈರಪ್ಪನವರ ಹಿತ್ತಲಲ್ಲಿ ಕೊಡತಿ ಹಿಡಿದರು. ದಿವ್ಯ ಬಟ್ಟೆಯನ್ನು ತಿರುಗಿಸುತ್ತಾ ಹೋದಳು, ಇವರು ಬಡಿಯುತ್ತಾ ಹೋದರು. ನಾನು ಇಂಚರಳನ್ನು ಸೊಂಟದ ಮೇಲೆ ಇಟ್ಟುಕೊಂಡು ನೀರು ಚಿಮುಕಿಸಿದೆ. ಕೊಡತಿ ಬಿದ್ದಾಗಲೆಲ್ಲ ಅವಳು ಕೈ ತಟ್ಟುತ್ತಿದ್ದಳು.

"ನಿಧಾನ ಕಣಮ್ಮಾ ಜೈನಾಬು," ಎಂದರು ಚಿಕ್ಕಬೈರಪ್ಪನವರು ಕುರ್ಚಿಯಿಂದ. "ಅದು ಬಟ್ಟೆ. ನಿನ್ನ ಗಂಡನಲ್ಲ."

"ಅವರನ್ನ ಇಷ್ಟು ಪ್ರೀತಿಯಾಗಿ ಬಡಿದಿಲ್ಲ ಗೌಡ್ರೇ!"

ಆ ದಿನ ಮೊದಲ ಸಲ ಎಲ್ಲರೂ ನಕ್ಕೆವು. ಬಟ್ಟೆ ಹಿಗ್ಗಿತು. ಆದರೆ ಮೊದಲಿದ್ದಷ್ಟಾಗಲಿಲ್ಲ. ಅಂಚಿನಲ್ಲಿ ಎರಡು ಕಡೆ ಹರಿಯಿತು. ಮೇಲ್ಮೈ ತುಂಬ ಸಣ್ಣ ಸಣ್ಣ ಸುಕ್ಕು ಉಳಿಯಿತು, ಚಿಕ್ಕಬೈರಪ್ಪನವರ ಮುಂಗೈ ಹಾಗೆ. ನೆರಳಿನಲ್ಲಿ ಕಲ್ಲು ಹೇರಿ ಒಣಗಿಸಿದರು. ಒಣಗಿದ ಮೇಲೆ ದಿವ್ಯ ಟೇಪು ಹಿಡಿದು ಅಳೆದಳು, ಇನ್ನೊಮ್ಮೆ ಅಳೆದಳು.

"ಕೋಟಿಗೆ ಸಾಲಲ್ಲ ಅಕ್ಕ. ಒಂದು ಕೆಲಸ ಮಾಡೋಣ, ಬ್ಲೌಸ್ ಮಾಡಿಬಿಡೋಣ. ಸೀರೆ ಮೇಲೆ ಚೆನ್ನಾಗೇ ಕಾಣುತ್ತೆ. ಬ್ಲೌಸಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ?"

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಜೈನಾಬಕ್ಕನ ಮುಖ ಮಾತ್ರ, ಕೈಗೆ ಕೊಟ್ಟ ತಟ್ಟೆಯನ್ನು ವಾಪಸು ಕಿತ್ತುಕೊಂಡ ಹಾಗಾಯಿತು.

"ಬ್ಲೌಸು," ಎಂದರು. "ನೀನು ಕೋಟು ಅಂತ ಹೇಳಿ ಕೊಟ್ಟೆ. ಕುಗ್ಗಿಸಿದ್ದು ನಾನು. ಈಗ ಬ್ಲೌಸ್ ಹೊಲಿದು ಕೊಟ್ರೆ, ತಪ್ಪು ಮಾಡಿದವಳಿಗೆ ತಕ್ಕ ಬಟ್ಟೆ ಸಿಕ್ತು ಅಂತ ಆಗುತ್ತೆ. ಕೋಟು ಅಂದ್ರೆ ಕೋಟೇ. ಚಿಕ್ಕದಾಗ್ಲಿ."

ದಿವ್ಯ ಅವರನ್ನೇ ನೋಡಿದಳು. ಆಮೇಲೆ ಚೀಲದಿಂದ ಕಾಗದ ತೆಗೆದು ಅಲ್ಲೇ ನೆಲದ ಮೇಲೆ ಕೂತಳು. ಅವಳು ಬರೆದಳು, ಇವರು ಅಳಿಸಿದರು, ಇವರು ಸೀಮೆಸುಣ್ಣದಲ್ಲಿ ಗೆರೆ ಎಳೆದರು, ಅವಳು ತಲೆಯಾಡಿಸಿದಳು. ಕಂಕುಳಲ್ಲಿ ಈ ಬಟ್ಟೆ ಮಡಚಿ ಮಡಚಿ ಹರಿಯುತ್ತದೆ ಎಂದು ಅವಳ ಭಯ. ಅಲ್ಲಿ ಕುರ್ತಾಗೆ ಇಡುವ ಹಾಗೆ ಲೈನಿಂಗಿನ ಕಾಟನ್ನಿನದೇ ತ್ರಿಕೋನ ತುಂಡು ಜೋಡಿಸೋಣವೆಂದು ಇವರ ಸಲಹೆ. ಹಾಗೆ ಜೋಡಿಸಿದರೆ ಬಟ್ಟೆಯೂ ಸ್ವಲ್ಪ ಉಳಿಯುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸೊಂಟದವರೆಗೆ ಬರುವ, ಕುಳ್ಳನೆಯ ಕೋಟಿನ ಚಿತ್ರ ಕಾಗದದ ಮೇಲೆ ಮೂಡಿತು. ಕಾಲೇಜಿನ ಪ್ರದರ್ಶನದಲ್ಲಿ ಇದನ್ನು ಹಾಕಿಕೊಳ್ಳಬೇಕಾಗಿದ್ದ ದಿವ್ಯಳ ಎತ್ತರದ ಗೆಳತಿಗೆ ಅದರಲ್ಲಿ ಒಂದು ಕೈ ಕೂಡ ಹೋಗುವಂತಿರಲಿಲ್ಲ.

ಹೊಲಿಗೆ ಶುರುವಾಯಿತು. ಕಾಲರ್ ಕೂತಿತು, ಜೇಬು ಕೂತಿತು. ಒಂದೊಂದು ಕೂತಾಗಲೂ ನನ್ನನ್ನು ಮೇಲಿನಿಂದ ಕೂಗಿ ತೋರಿಸುತ್ತಿದ್ದರು. "ಇದು ನಮ್ಮ ಫ್ಯಾಕ್ಟರಿ ಲೈನಲ್ಲಿ ಮುಂದಿನ ಟೇಬಲ್ ಕೆಲಸ. ದೂರದಿಂದ ನೋಡಿದ್ದೆ, ಅಷ್ಟೇ." ಎಡ ತೋಳನ್ನು ಇಂಚರಳ ಜೊತೆ ಮಾತಾಡುತ್ತಾ, ಬಟ್ಟೆಯ ಕಡೆ ಸರಿಯಾಗಿ ನೋಡದೆಯೇ ಕೂರಿಸಿಬಿಟ್ಟರು. ಅದು ಕೂತದ್ದು ನೋಡಬೇಕು. ಯಾರದೋ ಭುಜದಿಂದ ಇಳಿದು ಬಂದ ಹಾಗೆ.

ಆಮೇಲೆ ಕೆಲಸ ನಿಂತಿತು. ಒಂದು ತೋಳಿನ ಕೋಟು ಅಂಗಡಿಯ ಹಳೆಯ ಬೊಂಬೆಯ ಮೇಲೆ ಹಾಗೇ ಉಳಿಯಿತು. ಬೆಳಿಗ್ಗೆ ಫಾಲ್ಸು ನೆನೆಯುತ್ತಿದ್ದವು, ಬ್ಲೌಸುಗಳು ಹೋಗುತ್ತಿದ್ದವು, ಬಲ ತೋಳು ಮಾತ್ರ ಮೇಜಿನ ಮೇಲೆ ಮಲಗಿತ್ತು. ಪ್ರದರ್ಶನ ಹತ್ತಿರ ಬಂತು.

"ಯಾಕಕ್ಕ? ಬ್ಲೌಸಿಗೆ ದಿನಾ ಎರಡೂ ತೋಳು ಹಾಕ್ತೀರಲ್ಲ?" ಎಂದು ಕೇಳಿದೆ.

"ಬ್ಲೌಸ್ ತೋಳು ಬೇರೆ ಅಮ್ಮಾ, ನೆಟ್ಟಗೆ ಕೂರುತ್ತೆ. ಕೋಟಿನ ತೋಳು ಮುಂದಕ್ಕೆ ಬೀಳ್ಬೇಕು. ನಿಂತಾಗ ನಮ್ಮ ಕೈ ಹೇಗೆ ಬೀಳುತ್ತೆ, ಹಾಗೆ." ತಮ್ಮ ಕೈ ಇಳಿಬಿಟ್ಟು ತೋರಿಸಿದರು. "ಎಡಗಡೆ ಎಲ್ಲಿ ಬಟ್ಟೆ ಸಡಿಲ ಬಿಡ್ಬೇಕು, ಎಲ್ಲಿ ಹಿಡೀಬೇಕು, ಬೆರಳಿಗೇ ಗೊತ್ತು. ಬಲಗಡೆ ಎಲ್ಲ ತಿರುವುಮುರುವು. ಪಿನ್ ಹಾಕಿದ್ರೂ ತೂತು, ಅದಕ್ಕೆ ಕೈ ಏಳ್ತಿಲ್ಲ. ಒಂದೇ ಸಲಕ್ಕೆ ಬರ್ಬೇಕು."

"ರಾಮಲಕ್ಷ್ಮಮ್ಮನ್ನ ಕೇಳಬಾರ್ದಾ? ನಂಬರ್ ಇದೆ ಅಂದಿದ್ರಿ."

"ಇದೆ. ಹಬ್ಬಕ್ಕೆ ಮೆಸೇಜ್ ಹಾಕ್ತಾಳೆ, ನಾನೂ ಹಾಕ್ತೀನಿ. ಕರೆದ್ರೆ ಓಡಿ ಬರ್ತಾಳೆ, ಬಂದು ಕೂರಿಸಿಬಿಡ್ತಾಳೆ." ತೋಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಆಮೇಲೆ ಇದೂ ಫ್ಯಾಕ್ಟರಿ ಕೋಟೇ ಆಗೋಯ್ತಲ್ಲಮ್ಮಾ. ಎಡ ನಂದು, ಬಲ ಅವಳದ್ದು."

ಅಷ್ಟರಲ್ಲಿ ಇಂಚರ ನನ್ನ ಕೈ ಜಾರಿ, ಅಂಗಡಿಯ ನಿಲುವುಗನ್ನಡಿಯ ಮುಂದೆ ಹೋಗಿ ನಿಂತಳು. ಹೊಸ ಆಟ ಅವಳಿಗೆ, ಕನ್ನಡಿಯ ಮಗುವಿಗೆ ಬಿಸ್ಕತ್ತು ಕೊಡುವುದು. ಇವಳು ಎಡಗೈ ಚಾಚಿದರೆ ಕನ್ನಡಿಯ ಮಗು ಬಲಗೈ ಚಾಚುತ್ತಿತ್ತು. ಜೈನಾಬಕ್ಕ ನೋಡುತ್ತಾ ಕೂತರು. ನೋಡುತ್ತಾ ನೋಡುತ್ತಾ ಎದ್ದರು.

"ಸ್ವಲ್ಪ ಬೊಂಬೆ ಹಿಡ್ಕೊಮ್ಮಾ. ಕನ್ನಡಿ ಮುಂದೆ. ಎಡಗಡೆ ತೋಳು ಕಾಣೋ ಹಾಗೆ."

ಹಿಡಿದೆ. ಕನ್ನಡಿಯೊಳಗೆ ಅವರ ಎಡ ತೋಳು ಬಲ ತೋಳಾಗಿ ನಿಂತಿತ್ತು. ಜೈನಾಬಕ್ಕ ಸೀಮೆಸುಣ್ಣ ತೆಗೆದುಕೊಂಡು, ಕನ್ನಡಿಯನ್ನು ನೋಡುವುದು, ಮೇಜಿನ ಮೇಲಿನ ತೋಳಿಗೆ ಒಂದು ಚುಕ್ಕೆ ಇಡುವುದು, ಮತ್ತೆ ನೋಡುವುದು. ಇಲ್ಲಿ ಸಡಿಲ, ಇಲ್ಲಿ ಬಿಗಿ, ಇಲ್ಲಿ ಕಾಟನ್ ತುಂಡು. ಬಾಯಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ದುವಾ ಇರಬೇಕು, ಅಥವಾ ಬೈಗುಳ. ಇಂಚರ ಕನ್ನಡಿಗೆ ಬಿಸ್ಕತ್ತು ಮೆತ್ತಿದಳು. ಅವರು ಅದನ್ನೂ ಒರೆಸಿಕೊಂಡು ಮುಂದುವರಿಸಿದರು.

ಹೊಲಿಯುವಾಗ ಮೋಟಾರ್ ಹಾಕಲಿಲ್ಲ. ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ, ಒಂದೊಂದು ಹೊಲಿಗೆಯನ್ನೂ ಕೇಳಿಸಿಕೊಳ್ಳುತ್ತಾ ಹೋದರು. ಅಂಗಡಿಗೆ ಯಾರೋ ಬಗ್ಗಿ ಬಂದು, "ಅಕ್ಕ, ನನ್ನ ಬ್ಲೌಸ್..." ಎಂದಾಗ ನಾನು ಬಾಯಿಗೆ ಬೆರಳಿಟ್ಟೆ. ಆಕೆ ಹಾಗೇ ಬಗ್ಗಿಕೊಂಡೇ ವಾಪಸು ಹೋದರು. ಮುಗಿದ ಮೇಲೆ ಜೈನಾಬಕ್ಕ ದಾರ ಕತ್ತರಿಸಲಿಲ್ಲ, ನನ್ನ ಕೈಗೆ ಕತ್ತರಿ ಕೊಟ್ಟರು.

ಆಮೇಲೆ ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. "ರಾಮೀ, ಶನಿವಾರ ಏನ್ ಮಾಡ್ತಿದ್ದೀಯೇ? ಸೋಲದೇವನಹಳ್ಳಿಗೆ ಬಾ. ಒಂದು ಕೋಟು ನೋಡ್ಬೇಕು."

"ಕೋಟಾ? ನೋಡಿ ನೋಡಿ ಸಾಕಾಗಿಲ್ವೇನೆ ನಿಂಗೆ?" ಎಂದಿತು ಆ ಕಡೆಯ ದನಿ.

ಕೋಟು ಹಾಕಿಕೊಳ್ಳುವವರು ಯಾರೂ ಇಲ್ಲದ ಕಾರಣ ಅಂಗಡಿಯ ಬೊಂಬೆಯೇ ಹೊರಡಬೇಕಾಯಿತು. ದಿವ್ಯ ಮೊದಲೇ ಹೋಗಿದ್ದಳು. ನಾನು, ಇಂಚರ, ಜೈನಾಬಕ್ಕ, ಬೊಂಬೆ ಆಟೋ ಹತ್ತಿದೆವು. "ಮೇಡಂ, ಈ ಅಕ್ಕಂಗೆ ಕಾಲಿಲ್ಲ, ತಲೆನೂ ಇಲ್ಲ, ಹುಷಾರಾಗಿ ಹಿಡ್ಕೊಳಿ," ಎಂದ ಡ್ರೈವರ್. ದಾರಿಯುದ್ದಕ್ಕೂ ಹಂಪ್ ಬಂದಾಗಲೆಲ್ಲ ಜೈನಾಬಕ್ಕ ಬೊಂಬೆಯ ಬಲ ಭುಜಕ್ಕೆ ಕೈ ಅಡ್ಡ ಇಡುತ್ತಿದ್ದರು.

ಕಾಲೇಜಿನ ಹಾಲಿನಲ್ಲಿ ದೀಪದ ಕೆಳಗೆ ಕೋಟು ನಿಂತಾಗ ನನಗೇ ಗುರುತು ಸಿಗಲಿಲ್ಲ. ಸುಕ್ಕುಗಳ ಮೇಲೆ ಬೆಳಕು ಬಿದ್ದು, ಮರದ ಕಾಂಡವೇ ಎದ್ದು ಬಟ್ಟೆ ತೊಟ್ಟ ಹಾಗಿತ್ತು. ಪಕ್ಕದ ಚೀಟಿಯಲ್ಲಿ ದಿವ್ಯ ಬರೆದಿದ್ದಳು: ವಿನ್ಯಾಸ, ದಿವ್ಯ. ಹೊಲಿಗೆ, ಜೈನಾಬ್. ಕನ್ನಡಕದ ಮೇಷ್ಟ್ರೊಬ್ಬರು ಬಗ್ಗಿ ನೋಡಿ, "ಈ ಸುಕ್ಕು ಹೇಗೆ ತಂದ್ರಿ? ತುಂಬ ಚೆನ್ನಾಗಿದೆ," ಎಂದು ಕೇಳಿದರು.

ಜೈನಾಬಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು.

"ತಂದಿದ್ದಲ್ಲ ಸರ್," ಎಂದಳು ದಿವ್ಯ. "ಗೊತ್ತಿಲ್ದೆ ನೆನೆಸಿಬಿಟ್ವಿ."

ನೆನೆಸಿಬಿಟ್ವಿ, ಎಂದಳು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು.

ರಾಮಲಕ್ಷ್ಮಮ್ಮ ಬಂದದ್ದು ಜನ ಕರಗಿದ ಮೇಲೆ. ಗುಂಡಗಿನ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಜೈನಾಬಕ್ಕನನ್ನು ಕಂಡು ನಗಲೂ ಇಲ್ಲ, ಚೀಲವನ್ನು ನನ್ನ ಕೈಗೆ ತುರುಕಿ ನೇರ ಕೋಟಿನ ಬಳಿ ಹೋದರು. ಬಲ ತೋಳಿನೊಳಗೆ ಮುಷ್ಟಿ ತೂರಿಸಿ ತಿರುಗಿಸಿದರು. ಭುಜದ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಯಾರೆ ಇದನ್ನ ಆಕಿದ್ದು?"

"ನಾನೇ."

"ಎರಡೂನೂವಾ?"

"ಪೂರ್ತಿ ಕೋಟು ಕಣೇ. ಕಾಲರಿಂದ ಗುಂಡಿ ತನಕ."

"ತೋಳು ಒಂದ್ ನೂಲಷ್ಟು ಇಂದಕ್ಕೋಗೈತೆ."

"ಎಲ್ಲಿ? ತೋರಿಸು ಎಲ್ಲಿ! ಎಡಗಡೆ ನೋಡು, ಹಾಗೇ ಇದೆ."

"ಎಡದ್ನ ನೋಡೋದೇನೈತೆ, ನಿನ್ನ ಎಡ ನಂಗೊತ್ತಿಲ್ವಾ?" ರಾಮಲಕ್ಷ್ಮಮ್ಮ ಹಿಂದೆ ಸರಿದು, ಸೆರಗಿನಿಂದ ಕೈ ಒರೆಸಿಕೊಂಡು, ತಲೆ ಓರೆ ಮಾಡಿ ದೂರದಿಂದ ನೋಡಿದರು. "ಇಂದಕ್ಕೋಗೈತೆ. ಆದ್ರೆ ಬೀಳ್ತದೆ ಕಣೇ ಜೈನೂ. ಕೈ ಬಿದ್ದಂಗೇ ಬೀಳ್ತದೆ."

"ಕೇಳ್ದೇನಮ್ಮಾ?" ಜೈನಾಬಕ್ಕ ನನ್ನ ಕಡೆ ತಿರುಗಿದರು. "ಬೀಳ್ತದಂತೆ!" ಎಂದು ನಕ್ಕರು. ನಗುತ್ತಲೇ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡರು. ಏನೂ ತಿಳಿಯದೆ ಇಂಚರ ಚಪ್ಪಾಳೆ ತಟ್ಟಿದಳು, ಕೊಡತಿ ಬಿದ್ದಾಗ ತಟ್ಟಿದ ಹಾಗೆ.

ಫೋಟೋ ತೆಗೆಯುತ್ತೇನೆ, ಕೋಟಿನ ಪಕ್ಕ ನಿಲ್ಲಿ ಎಂದೆ. ಇಬ್ಬರೂ ಹೋಗಿ ನಿಂತರು. ಯಾರೂ ಹೇಳದೆಯೇ ಜೈನಾಬಕ್ಕ ಎಡ ತೋಳಿನ ಕಡೆ, ರಾಮಲಕ್ಷ್ಮಮ್ಮ ಬಲ ತೋಳಿನ ಕಡೆ, ನಡುವೆ ತಲೆಯಿಲ್ಲದ ಬೊಂಬೆ. ನಾನು ಫೋನ್ ಎತ್ತಿ ಹಿಡಿದೆ.

"ತಡಿ ಅಮ್ಮಾ, ತಡಿ," ಎಂದರು ಜೈನಾಬಕ್ಕ. ಬೊಂಬೆಯ ಹಿಂದಿನಿಂದ ಬಲ ತೋಳಿನ ಕಡೆಗೆ ಸುತ್ತಿ ಬಂದು, ಗೆಳತಿಯ ಸೊಂಟಕ್ಕೆ ಮೊಣಕೈಯಿಂದ ತಿವಿದು ಆಚೆ ಕಡೆಗೆ ದೂಡಿದರು.

"ಜರುಗೇ. ಇವತ್ತು ಈ ಕಡೆ ನಾನು."